ಮೂಲೆ ಬಿಡಿ, ಮಗು ಕಾಣಲಿ

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಡಾವಣೆ ಮಾಡಿ ನಿವೇಶನ ಹಂಚುವಾಗ ಮೂಲೆ ನಿವೇಶನಗಳನ್ನು ಬೇರೆ ತೆಗೆದಿಟ್ಟು ಹರಾಜು ಹಾಕುತ್ತದೆ. ಅದಕ್ಕೆಂದೇ 1984ರಲ್ಲಿ ಪ್ರತ್ಯೇಕ ನಿಯಮಗಳನ್ನು ಮಾಡಲಾಗಿದೆ. ಎರಡು ಕಡೆ ರಸ್ತೆ, ಎರಡು ಕಡೆ ಗಾಳಿ ಬೆಳಕು, ಮುಂದೆಂದಾದರೂ ಮಳಿಗೆ ಕಟ್ಟಿದರೆ ಎರಡು ಕಡೆಯಿಂದಲೂ ಗಿರಾಕಿ. ಕಾರ್ನರ್ ಸೈಟಿಗೆ ಪಕ್ಕದ ಸೈಟಿಗಿಂತ ಬೆಲೆ ಹೆಚ್ಚೆಂಬುದು ಈ ಊರಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ಅದೇ ಸೈಟಿನ ಕಾಂಪೌಂಡಿನಾಚೆ, ಮೇನ್ ಮತ್ತು ಕ್ರಾಸ್ ಒಂದನ್ನೊಂದು ಹಾಯುವ ಚೌಕದಷ್ಟು ಟಾರು ನೆಲವನ್ನು ಯಾರೂ ತಮ್ಮದೆಂದು ಲೆಕ್ಕಕ್ಕೆ ಹಿಡಿದಿಲ್ಲ. ಬಡಾವಣೆಯವರೆಲ್ಲ ದಿನಕ್ಕೊಮ್ಮೆಯಾದರೂ ಹಾಯಲೇಬೇಕಾದ ಜಾಗ ಅದು. ಅಪಾಯವೂ ಅಲ್ಲೇ ಹೆಚ್ಚು.

ಸಿಲ್ಕ್ ಬೋರ್ಡ್, ಹೆಬ್ಬಾಳದಂಥ ದೊಡ್ಡ ಜಂಕ್ಷನ್ನುಗಳ ಮಾತು ಇಲ್ಲಿ ಬೇಡ. ಅವುಗಳ ಬಗ್ಗೆ ಸಭೆ ನಡೆಯುತ್ತದೆ, ಹಣ ಬಿಡುಗಡೆಯಾಗುತ್ತದೆ, ಮಂತ್ರಿಗಳು ಬಂದು ನೋಡಿ ಹೋಗುತ್ತಾರೆ. ಸಿಗ್ನಲ್ ಇಲ್ಲದ, ಪೊಲೀಸರು ನಿಲ್ಲದ, ಜೀಬ್ರಾ ಪಟ್ಟೆ ಒಮ್ಮೆ ಬಳಿದು ಅಳಿಸಿಹೋದ, ಮನೆಯಿಂದ ನೂರು ಹೆಜ್ಜೆ ದೂರದ ಕ್ರಾಸು ನನ್ನ ವಿಷಯ. ಬೆಳಗಿನ ಆರಕ್ಕೆ ಹಾಲಿನ ಬೂತಿಗೆ ಹೊರಟ ಅಜ್ಜ, ಏಳೂವರೆಗೆ ಶಾಲಾ ವ್ಯಾನಿಗೆ ಓಡುವ ಮಗು, ನಾಲ್ಕು ಮನೆಯ ಪಾತ್ರೆ ತೊಳೆಯಲು ಬಿರಬಿರನೆ ನಡೆಯುವ ಹೆಂಗಸು, ಮಧ್ಯಾಹ್ನ ಸೊಪ್ಪಿನ ಗಾಡಿ ತಳ್ಳುವವರು, ಸಂಜೆ ಪಾರ್ಕಿಗೆ ಹೊರಟ ಗೆಳತಿಯರು, ಎಲ್ಲರೂ ಅದನ್ನೇ ದಾಟಬೇಕು. ಅದೇ ಹೊತ್ತಿಗೆ ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸಲು ಫೋನಿನ ನಕ್ಷೆ ತೋರಿಸಿದ ಒಳದಾರಿ ಹಿಡಿದು ಕಾರುಗಳು ಬರುತ್ತವೆ. ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸಬೇಕಾದ ಹುಡುಗರು ಬರುತ್ತಾರೆ, ನೀರಿನ ಟ್ಯಾಂಕರ್ ಬರುತ್ತದೆ.

ಇಂಥ ಕ್ರಾಸುಗಳಲ್ಲಿ ಆಗುವುದಕ್ಕೆಲ್ಲ ನಮ್ಮಲ್ಲಿ ಒಂದು ಸಿದ್ಧ ವಿವರಣೆಯಿದೆ: ನಮ್ಮ ಜನಕ್ಕೆ ಶಿಸ್ತಿಲ್ಲ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಶಿಸ್ತು ಬೇಕು, ನಿಜ. ಆದರೆ ಅದೇ ಚಾಲಕ ದಂಡುಪ್ರದೇಶದ ರಸ್ತೆಗೆ ಹೋದ ಕೂಡಲೇ ನಿಧಾನವಾಗುತ್ತಾನೆ. ಅದೇ ಅಜ್ಜಿ ಮೆಟ್ರೊ ನಿಲ್ದಾಣದಲ್ಲಿ ಹಳದಿ ಗೆರೆಯ ಹಿಂದೆ ನಿಲ್ಲುತ್ತಾರೆ. ಜಾಗ ಹೇಗಿದೆಯೋ ಜನ ಹಾಗೆ ನಡೆದುಕೊಳ್ಳುತ್ತಾರೆ. ನಮ್ಮ ಕ್ರಾಸುಗಳು ವೇಗವಾಗಿ ನುಗ್ಗುವುದಕ್ಕೆ ಅನುಕೂಲವಾಗಿವೆ, ಕಾಣುವುದಕ್ಕೆ ಅನನುಕೂಲವಾಗಿವೆ. ಅವನ್ನು ತಿರುವುಮುರುವು ಮಾಡಬಹುದು. ಅದಕ್ಕೆ ಮೇಲ್ಸೇತುವೆಯ ದುಡ್ಡು ಬೇಕಿಲ್ಲ, ಯಾರಾದರೂ ಸಾಯುವ ತನಕ ಕಾಯಬೇಕಾಗಿಯೂ ಇಲ್ಲ.

ಮೊದಲು ಕಾಣುವ ಮಾತು. ಆರು ವರ್ಷದ ಮಗುವಿನ ಎತ್ತರ ಸುಮಾರು ಮೂರೂಮುಕ್ಕಾಲು ಅಡಿ. ಸಣ್ಣ ಕಾರೇ ಐದಡಿ ಎತ್ತರವಿರುತ್ತದೆ. ಈಗ ಬಡಾವಣೆ ತುಂಬ ನಿಂತಿರುವ ಎಸ್‌ಯುವಿಗಳು ಇನ್ನೂ ಎತ್ತರ. ಅಂಥದೊಂದನ್ನು ತಿರುವಿಗೆ ಮೂತಿ ತಾಗುವಂತೆ ನಿಲ್ಲಿಸಿದರೆ ಮಗುವಿಗೆ ರಸ್ತೆ ಕಾಣುವುದಿಲ್ಲ, ಚಾಲಕನಿಗೆ ಮಗು ಕಾಣುವುದಿಲ್ಲ. ಕಾಣಬೇಕೆಂದರೆ ಮಗು ಕಾರಿನ ಅಗಲದಷ್ಟು, ಅಂದರೆ ಐದಾರು ಅಡಿ, ರಸ್ತೆಯೊಳಕ್ಕೆ ಬಂದು ಇಣುಕಬೇಕು. ಇಣುಕುವ ಆ ಕ್ಷಣದಲ್ಲೇ ಅದು ಚಕ್ರದ ದಾರಿಯಲ್ಲಿರುತ್ತದೆ. 'ಮಗು ಇದ್ದಕ್ಕಿದ್ದಂತೆ ಅಡ್ಡ ಬಂತು' ಎಂದು ಚಾಲಕ ಹೇಳಿದಾಗ ಅವನು ಸುಳ್ಳು ಹೇಳುತ್ತಿರುವುದಿಲ್ಲ. ಅವನ ಕಣ್ಣಿಗೆ ನಿಜವಾಗಿಯೂ ಅದು ಶೂನ್ಯದಿಂದ ಬಂದಿರುತ್ತದೆ.

ಕಾರೊಂದೇ ಅಡ್ಡವಲ್ಲ. ಟ್ರಾನ್ಸ್‌ಫಾರ್ಮರ್ ಕಟ್ಟೆ, ಕೇಬಲ್ ಪೆಟ್ಟಿಗೆ, ಕಸದ ರಾಶಿ, ಹುಟ್ಟುಹಬ್ಬದ ಫ್ಲೆಕ್ಸು, ಕಟ್ಟಡ ಕೆಲಸದ ಮರಳುಗುಡ್ಡೆ, ಎಲ್ಲಕ್ಕೂ ಮೂಲೆಯೇ ಆಗಬೇಕು. ಮೂಲೆಮನೆಯ ಗೋಡೆಯದು ಇನ್ನೊಂದು ಕಥೆ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಮೂಲೆ ನಿವೇಶನದ ಕಾಂಪೌಂಡಿಗೆ ಬೇರೆಯೇ ಅಳತೆಯಿದೆ. ರಸ್ತೆಗಳು ಕೂಡುವ ಕಡೆಯಿಂದ ಎರಡೂ ಬದಿಗೆ 10 ಮೀಟರ್ ಉದ್ದಕ್ಕೆ ಗಟ್ಟಿ ಗೋಡೆ 0.75 ಮೀಟರ್, ಅಂದರೆ ಎರಡೂವರೆ ಅಡಿ, ಮೀರಬಾರದು. ಅದರ ಮೇಲೆ ಬೇಕಿದ್ದರೆ ಆಚೆಬದಿ ಕಾಣುವಂಥ ಕಂಬಿ ಹಾಕಿಕೊಳ್ಳಬಹುದು. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳನ್ನು ನೋಡಿ. ಮೊಣಕಾಲೆತ್ತರದ ಗೋಡೆ, ಮೇಲೆ ಕಬ್ಬಿಣದ ಕಂಬಿ, ಒಳಗೆ ಮಲ್ಲಿಗೆ ಬಳ್ಳಿ. ತಿರುವಿನಲ್ಲಿ ನಿಂತರೆ ಆಚೆ ರಸ್ತೆಯ ಸೈಕಲ್ಲೂ ಕಾಣುತ್ತಿತ್ತು. ಅವನ್ನು ಕೆಡವಿ ಕಟ್ಟಿದ ನಾಲ್ಕಂತಸ್ತಿನ ಕಟ್ಟಡಗಳಿಗೆ ಆಳೆತ್ತರದ ಗೋಡೆ, ಅದರ ಮೇಲೆ ಫೈಬರ್ ಶೀಟು.

ಕಂಡ ಮೇಲೆ ಬರುವುದು ನಿಲ್ಲಿಸುವ ಮಾತು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಎದುರಿಗೆ ಏನೋ ಬಂತೆಂದು ಕಣ್ಣಿಗೆ ಬಿದ್ದು, ಮನಸ್ಸಿಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಹೋಗಲು ಚುರುಕಾದ ಚಾಲಕನಿಗೂ ಒಂದು ಸೆಕೆಂಡ್ ಬೇಕು. ಆ 14 ಮೀಟರ್ ಬ್ರೇಕಿಲ್ಲದೆಯೇ ಕಳೆಯುತ್ತದೆ. ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕ್ ಹಾಕಿ ನಿಲ್ಲಿಸಲು ಇನ್ನೊಂದು 14 ಮೀಟರ್. ಒಟ್ಟು 28. ಅದೇ ಕಾರು 30 ಕಿಲೋಮೀಟರ್ ವೇಗದಲ್ಲಿದ್ದರೆ 13 ಮೀಟರಿನಲ್ಲಿ ಪೂರ್ತಿ ನಿಂತಿರುತ್ತದೆ. ಈಗ 13 ಮೀಟರ್ ಮುಂದೆ ಒಂದು ಮಗು ರಸ್ತೆಗಿಳಿಯಿತು ಎಂದುಕೊಳ್ಳಿ. 30ರಲ್ಲಿ ಬಂದ ಕಾರು ಮಗುವಿನ ಮುಂದೆ ನಿಲ್ಲುತ್ತದೆ. ಚಾಲಕ ಬೈಯುತ್ತಾನೆ, ಮಗು ಅಳುತ್ತಾ ಮನೆಗೆ ಹೋಗುತ್ತದೆ. 50ರಲ್ಲಿ ಬಂದ ಕಾರಿನ ಚಾಲಕನ ಕಾಲು ಆಗಿನ್ನೂ ಬ್ರೇಕ್ ಮುಟ್ಟಿರುವುದಿಲ್ಲ. ಕಾರು ಪೂರ್ಣ ವೇಗದಲ್ಲೇ ಬಡಿಯುತ್ತದೆ. ಎರಡೂ ಕಡೆ ಚಾಲಕನ ಜಾಗರೂಕತೆ ಒಂದೇ, ಮಗುವಿನ ತಪ್ಪೂ ಒಂದೇ.

ಮಕ್ಕಳಿಗೆ 'ಎರಡೂ ಕಡೆ ನೋಡಿ ದಾಟು' ಎಂದು ಹೇಳಿಕೊಡುತ್ತೇವೆ. ಹೇಳಿಕೊಡಲೇಬೇಕು. ಆದರೆ ಇಂಗ್ಲೆಂಡಿನ ರಾಯಲ್ ಹಾಲೊವೇ ಕಾಲೇಜಿನ ಮನಶ್ಶಾಸ್ತ್ರಜ್ಞ ಜಾನ್ ವಾನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿ ತಂದೆತಾಯಿಯೂ ತಿಳಿದಿರಬೇಕು. ಎದುರಿನಿಂದ ಬರುವ ವಾಹನ ಕಣ್ಣಿನಲ್ಲಿ ದೊಡ್ಡದಾಗುತ್ತಾ ಹೋಗುವುದನ್ನು ಗುರುತಿಸಿ ನಾವು ಅದರ ವೇಗವನ್ನು ಅಂದಾಜು ಮಾಡುತ್ತೇವೆ. ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಈ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಗಂಟೆಗೆ ಸುಮಾರು 32 ಕಿಲೋಮೀಟರಿಗಿಂತ ವೇಗವಾಗಿ ಬರುವ ವಾಹನವು ತಮ್ಮತ್ತ ಬರುತ್ತಿದೆ ಎಂಬುದೇ ಅವರಿಗೆ ಖಚಿತವಾಗಿ ತಿಳಿಯುವುದಿಲ್ಲ. ನೋಡು ಎಂದರೆ ನೋಡುತ್ತಾರೆ, ನೋಡಿಯೂ ದಾಟಿಬಿಡುತ್ತಾರೆ. ಎಷ್ಟು ಬೈದರೂ ಹೊಡೆದರೂ ಕಲಿಸಲಾಗದ ಸಂಗತಿ ಅದು, ವಯಸ್ಸಾಗಬೇಕು.

ವಯಸ್ಸು ಹೆಚ್ಚಾದವರದು ಬೇರೆ ಕಷ್ಟ. ನಲವತ್ತಡಿ ರಸ್ತೆಯಲ್ಲಿ ಟಾರು ಬಿದ್ದಿರುವುದು ಒಂಬತ್ತು ಮೀಟರ್ ಎಂದುಕೊಂಡರೆ, ಮಂಡಿನೋವಿನ ಅಜ್ಜಿಗೆ ದಾಟಲು ಹನ್ನೊಂದು ಸೆಕೆಂಡ್ ಬೇಕು. ಅಷ್ಟರಲ್ಲಿ 50 ಕಿಲೋಮೀಟರ್ ವೇಗದ ಬೈಕು 150 ಮೀಟರ್ ಬಂದಿರುತ್ತದೆ. ಅಜ್ಜಿ ಹೆಜ್ಜೆ ಇಡುವಾಗ ಆ ಬೈಕು ಹಿಂದಿನ ಕ್ರಾಸಿನಾಚೆ ಎಲ್ಲೋ ಇತ್ತು, ಅವರ ಕಣ್ಣಿಗೇ ಬಿದ್ದಿರಲಿಲ್ಲ.

ವೇಗವೇ ಈ ಅಪಾಯದ ಬೇರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಿನ ಅಪಘಾತದ ಸಾಧ್ಯತೆ ಶೇ 4ರಷ್ಟು ಏರುತ್ತದೆ ಎಂಬುದು ಅದರ ಲೆಕ್ಕ. 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ್ದ ಜಾಗತಿಕ ಸಚಿವರ ಸಮ್ಮೇಳನ, ನಡೆಯುವವರೂ ವಾಹನಗಳೂ ಬೆರೆಯುವ ಕಡೆ ಮಿತಿ 30 ಕಿಲೋಮೀಟರ್ ಇರಲಿ ಎಂದು ಘೋಷಿಸಿತು. ನಮ್ಮಲ್ಲಿ ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಪಟ್ಟಣ ವ್ಯಾಪ್ತಿಯ ರಸ್ತೆಗಳಲ್ಲಿ ಕಾರಿಗೆ 70, ದ್ವಿಚಕ್ರ ವಾಹನಕ್ಕೆ 60 ಗರಿಷ್ಠ ಮಿತಿ. ರಾಜ್ಯವು ಇದನ್ನು ಇಳಿಸಬಹುದು, ಇಳಿಸಿ ಫಲಕ ಹಾಕಬಹುದು. ನಿಮ್ಮ ಬಡಾವಣೆಯ ಬಾಗಿಲಲ್ಲಿ 30 ಎಂಬ ಫಲಕ ಇದೆಯೇ ನೋಡಿ.

ನಮ್ಮ ಬಡಾವಣೆಯ ಒಂದು ಕ್ರಾಸಿನಲ್ಲಿ ಬಹಳ ವರ್ಷಗಳಿಂದ ಎಳನೀರು ಮಾರುವವರೊಬ್ಬರಿದ್ದಾರೆ. ಈ ಲೇಖನಕ್ಕೆ ಕೂರುವ ಮುಂಚೆ ಅವರ ಹತ್ತಿರ ಹೋಗಿ, ಇಲ್ಲಿ ಆಕ್ಸಿಡೆಂಟ್ ಆಗುತ್ತಾ ಎಂದು ಕೇಳಿದೆ.

'ಆಕ್ಸಿಡೆಂಟ್ ಅಂದ್ರೆ ಯಾವ್ದು ಸಾರ್? ಬಿದ್ದು, ಎದ್ದು, ಮೈ ಕೊಡವ್ಕೊಂಡು ಹೋಗ್ತಾರಲ್ಲ, ಅದೂ ಸೇರ್ಸಬೇಕಾ? ಹಂಗಾದ್ರೆ ವಾರಕ್ಕೆ ಎರಡ್ಮೂರು. ಬೀಳ್ದೇನೇ ಬಚಾವಾಗೋದು ಸೇರ್ಸಿದ್ರೆ ಲೆಕ್ಕ ಇಡಕ್ಕಾಗಲ್ಲ. ಸಂಜೆ ಸ್ಕೂಲ್ ಬಿಟ್ಟಾಗ ಬಂದು ನಿಂತ್ಕಳಿ, ನೀವೇ ನೋಡ್ತೀರಿ.'

'ಯಾರಾದ್ರೂ ಬಂದು ನಿಮ್ಮನ್ನ ಕೇಳಿದಾರಾ?'

'ನನ್ನ ಯಾಕ್ ಕೇಳ್ತಾರೆ ಸಾರ್. ಅಂಗಡಿ ಎತ್ತು ಅನ್ನಕ್ಕೆ ಬರ್ತಾರೆ.'

ಆ ಮೂಲೆಯ ಬಗ್ಗೆ ಈ ನಗರದಲ್ಲಿ ಅವರಷ್ಟು ತಿಳಿದವರು ಇನ್ನೊಬ್ಬರಿಲ್ಲ. ಯಾವ ಹೊತ್ತಿಗೆ, ಯಾವ ಕಡೆಯಿಂದ, ಎಂಥ ಗಾಡಿ, ಯಾರು ದಾಟುವಾಗ, ಎಲ್ಲವೂ ಅವರಿಗೆ ಬಾಯಿಪಾಠ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟರ್ ಹ್ಯೂಡೆನ್ ಮತ್ತು ಜೊತೆಗಾರರು ಕಟ್ಟಿದ ಒಂದು ಶಾಸ್ತ್ರೀಯ ವಿಧಾನದ ಆಧಾರ ಇಂಥ ತಿಳಿವಳಿಕೆಯೇ. ತರಬೇತಾದವರು ಕೂಡುರಸ್ತೆಯಲ್ಲಿ ನಿಂತು, ತಪ್ಪಿದ ಡಿಕ್ಕಿಗಳನ್ನು ಬರೆದುಕೊಳ್ಳುತ್ತಾರೆ. ಯಾರೋ ಬ್ರೇಕ್ ಹಾಕಿದ ಅಥವಾ ಹ್ಯಾಂಡಲ್ ತಿರುಗಿಸಿದ ಕ್ಷಣದಲ್ಲಿ ಡಿಕ್ಕಿಗೆ ಇನ್ನೆಷ್ಟು ಸೆಕೆಂಡ್ ಉಳಿದಿತ್ತು, ಆಗ ವೇಗ ಎಷ್ಟಿತ್ತು ಎಂದು ಗುರುತು ಹಾಕುತ್ತಾರೆ. ಕೆಲವು ದಿನಗಳ ಈ ಗುರುತುಗಳಿಂದಲೇ ಆ ಜಾಗ ಮುಂದೆ ಎಷ್ಟು ಗಾಯಗಳನ್ನು ತರಬಲ್ಲದು ಎಂದು ಅಂದಾಜು ಮಾಡಬಹುದು. ರಕ್ತ ಬೀಳುವ ಮೊದಲೇ ರೋಗ ಗೊತ್ತಾಗುತ್ತದೆ.

ನಮ್ಮ ಸರ್ಕಾರಿ ಪರಿಭಾಷೆಯಲ್ಲಿ ಅಪಾಯದ ಜಾಗಕ್ಕೆ ಬ್ಲ್ಯಾಕ್ ಸ್ಪಾಟ್ ಎಂಬ ಹೆಸರಿದೆ. ಹೆದ್ದಾರಿಗಳಿಗಾಗಿ ಕೇಂದ್ರ ಸಾರಿಗೆ ಸಚಿವಾಲಯ ಮಾಡಿದ ಅಳತೆ ಇದು: ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳು, ಇಲ್ಲವೇ 10 ಸಾವು. ಹೆದ್ದಾರಿಗೆ ಇದು ಸರಿಯಿರಬಹುದು. ಬಡಾವಣೆಯ ಕ್ರಾಸಿನಲ್ಲಿ ಮೂರು ವರ್ಷಕ್ಕೆ ಹತ್ತು ಜನ ಸಾಯುವುದಿಲ್ಲ. ಒಬ್ಬರ ಸೊಂಟ ಮುರಿಯುತ್ತದೆ, ಅವರು ಮತ್ತೆ ಹಾಸಿಗೆ ಬಿಟ್ಟೇಳುವುದಿಲ್ಲ. ಮತ್ತೊಬ್ಬರಿಗೆ ಭಯ ಹಿಡಿದು ಸಂಜೆಯ ವಾಕಿಂಗ್ ಬಿಡುತ್ತಾರೆ. ಒಂದು ಮನೆಯವರು ಮಗಳ ಸೈಕಲ್ ಮಾರಿಬಿಡುತ್ತಾರೆ. ಇವು ಯಾವ ಠಾಣೆಯ ಪುಸ್ತಕಕ್ಕೂ ಹೋಗುವುದಿಲ್ಲ. ಹೋಗುವ ಲೆಕ್ಕವೇ ಸಾಕಷ್ಟು ಭಯಂಕರವಾಗಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಯಾರ ಮೇಲೂ ಗಾಡಿ ಹತ್ತಿಸದವರು, ಯಾರಿಗೂ ಅಪಾಯ ತರದವರು.

ಇಷ್ಟಾಗಿಯೂ ಒಂದು ಸಾವಾದ ಮೇಲೆ ಏನೋ ನಡೆಯುತ್ತದೆ. ಹಂಪ್ ಬರುತ್ತದೆ. ರಾತ್ರೋರಾತ್ರಿ ಯಾರೋ ಟಾರು ಸುರಿದು ಒಂದು ದಿಬ್ಬ ಮಾಡಿ ಹೋಗುತ್ತಾರೆ. ಬಡಾವಣೆಯ ಜನ ಕೇಳುವುದೂ ಅದನ್ನೇ: 'ಒಂದ್ ಹಂಪ್ ಹಾಕ್ಸಿ ಸಾರ್.' ಕೇಳುವುದರಲ್ಲಿ ತಪ್ಪಿಲ್ಲ, ಆದರೆ ನಮಗೆ ಸಿಗುವ ಹಂಪು ಹಂಪೇ ಅಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಇದಕ್ಕೆ ಅಳತೆ ಕೊಟ್ಟಿದೆ. ಎತ್ತರ 10 ಸೆಂಟಿಮೀಟರ್, ರಸ್ತೆಯುದ್ದಕ್ಕೆ ಹರಡಿಕೊಂಡಿರಬೇಕಾದದ್ದು 3.7 ಮೀಟರ್, ದುಂಡಗೆ ಏರಿ ದುಂಡಗೆ ಇಳಿಯುವ ಬೆನ್ನು. ಗಂಟೆಗೆ 25 ಕಿಲೋಮೀಟರಿನಲ್ಲಿ ಬಂದವನಿಗೆ ಅದು ಗೊತ್ತೇ ಆಗದಂತಿರಬೇಕು, 50ರಲ್ಲಿ ಬಂದವನಿಗೆ ಸರಿಯಾಗಿ ಗೊತ್ತಾಗಬೇಕು. ಮುಂಚೆಯೇ ಫಲಕವಿರಬೇಕು, ಮೇಲೆ ಬಣ್ಣವಿರಬೇಕು. ನಮ್ಮಲ್ಲಿನವು ಒಂದೆರಡು ಅಡಿ ಅಗಲಕ್ಕೆ ಎದ್ದುನಿಂತಿರುತ್ತವೆ. ನಿಧಾನವಾಗಿ ಬಂದ ಗರ್ಭಿಣಿಯ ಆಟೊವನ್ನೂ ಎತ್ತಿ ಹಾಕುತ್ತವೆ. ರಾತ್ರಿ ಬಣ್ಣವಿಲ್ಲದ ದಿಬ್ಬಕ್ಕೆ ಬೈಕು ಹಾರಿ ಬಿದ್ದವರಿದ್ದಾರೆ. ಎಷ್ಟೋ ಕಡೆ ಅದು ಕ್ರಾಸಿಗಿಂತ ಬಹಳ ಹಿಂದೆ ಇರುವುದರಿಂದ, ದಾಟಿದವರು ಕ್ರಾಸು ಮುಟ್ಟುವ ಹೊತ್ತಿಗೆ ಮತ್ತೆ ವೇಗ ಹಿಡಿದಿರುತ್ತಾರೆ.

ಇದಕ್ಕಿಂತ ಒಳ್ಳೆಯದು ದಾಟುವ ಪಟ್ಟೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತುವುದು. ಆಗ ನಡೆಯುವವರು ರಸ್ತೆಗೆ ಇಳಿಯಬೇಕಾಗಿಲ್ಲ, ಗಾಡಿಯೇ ಫುಟ್‌ಪಾತಿನ ಮಟ್ಟಕ್ಕೆ ಹತ್ತಿ ಇಳಿಯಬೇಕು. ಹತ್ತುವಾಗ ನಿಧಾನವಾಗಲೇಬೇಕು. ಗಾಲಿಕುರ್ಚಿಯವರಿಗೂ, ಮಗುವಿನ ಗಾಡಿ ತಳ್ಳುವವರಿಗೂ ದಾರಿ ಸಲೀಸು. ಆದರೆ ಎತ್ತಲು ಫುಟ್‌ಪಾತೆಂಬುದೊಂದು ಇರಬೇಕಲ್ಲ. ನಮ್ಮ ಒಳರಸ್ತೆಗಳಲ್ಲಿ ಹಳೆಯ ಟಾರು ಕೆರೆಯದೆ ಅದರ ಮೇಲೇ ಮತ್ತೆ ಮತ್ತೆ ಟಾರು ಹಾಕಿ ರಸ್ತೆ ಏರಿದೆ, ಅಂಚುಗಲ್ಲು ಹೂತುಹೋಗಿದೆ, ಮಳೆನೀರು ಮನೆಯೊಳಕ್ಕೆ ಬರುತ್ತದೆ. ವಾಹನ ಎಲ್ಲಿ ನಿಲ್ಲಬೇಕು, ಮನುಷ್ಯ ಎಲ್ಲಿ ನಡೆಯಬೇಕು ಎಂಬ ಗಡಿ ಅಳಿಸಿಹೋಗಿದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡ್ಡಿಯಿಲ್ಲದ ಫುಟ್‌ಪಾತು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸ್ಪಷ್ಟವಾಗಿ ಹೇಳಿತು. ಈ ಆದೇಶವನ್ನು ಪ್ರತಿ ಬಡಾವಣೆಯ ಸಂಘವೂ ತನ್ನ ಅರ್ಜಿಯ ಮೊದಲ ಸಾಲಿನಲ್ಲಿ ಬರೆಯಬೇಕು.

ಇನ್ನು ನಮ್ಮ ಬಡಾವಣೆಗಳ ಆಕಾರ. 1898ರ ಪ್ಲೇಗಿನ ಬೆನ್ನಿಗೆ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಗಾಳಿ ಬೆಳಕು ಧಾರಾಳವಾಗಿ ಆಡಲೆಂದು ನೇರ ರಸ್ತೆಗಳನ್ನು ಹಾಕಿದರು. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರವೂ ಅದೇ ಮಾದರಿ: ಉದ್ದಕ್ಕೆ ಮೇನ್, ಅಡ್ಡಕ್ಕೆ ಕ್ರಾಸ್. ರೋಗದ ಕಾಲಕ್ಕೆ ಅದು ಜಾಣ ಯೋಜನೆ. ಜಟಕಾ, ಸೈಕಲ್ಲುಗಳ ಕಾಲಕ್ಕೂ ತೊಂದರೆಯಿರಲಿಲ್ಲ. ಈಗ ನಗರದ ವಾಹನಗಳ ನೋಂದಣಿ ಒಂದು ಕೋಟಿ ದಾಟಿದೆ. ನಾಲ್ಕು ರಸ್ತೆ ಕೂಡುವ ಒಂದು ಕ್ರಾಸಿನಲ್ಲಿ ವಾಹನದ ದಾರಿಗಳು ಒಂದಕ್ಕೊಂದು ಎದುರಾಗುವ 32 ಬಿಂದುಗಳಿರುತ್ತವೆ ಎಂದು ಸಂಚಾರ ಎಂಜಿನಿಯರುಗಳು ಎಣಿಸುತ್ತಾರೆ. ಮೂರು ರಸ್ತೆ ಕೂಡಿದರೆ ಅವು 9ಕ್ಕೆ ಇಳಿಯುತ್ತವೆ. ನಡುವೆ ವೃತ್ತವಿಟ್ಟರೆ ನಾಲ್ಕು ರಸ್ತೆಗೂ 8 ಮಾತ್ರ. ಮೈಸೂರಿನವರು ಸರ್ಕಲ್ಲುಗಳನ್ನು ಊರಿನ ಚೆಲುವೆಂದು ಉಳಿಸಿಕೊಂಡಿದ್ದಾರೆ, ಅವು ಚೆಲುವಿಗಿಂತ ದೊಡ್ಡ ಕೆಲಸವನ್ನೂ ಮಾಡುತ್ತವೆ. ಬಡಾವಣೆಯ ಕ್ರಾಸಿನ ನಡುವೆ ಎರಡು ಮೂರು ಮೀಟರಿನ ಒಂದು ದುಂಡುಕಟ್ಟೆ ಇಟ್ಟರೂ ನೇರವಾಗಿ ನುಗ್ಗುವುದು ನಿಲ್ಲುತ್ತದೆ. ಎರಡು ಗೂಟ ನೆಟ್ಟು ಒಂದು ಕ್ರಾಸಿನ ನೇರದಾರಿ ಮುಚ್ಚಿದರೆ ನಡೆಯುವವರಿಗೂ ಸೈಕಲ್ಲಿನವರಿಗೂ ಹಾದಿ ಉಳಿಯುತ್ತದೆ, ಒಳದಾರಿ ಹಿಡಿದು ಬರುವ ಹೊರಗಿನ ಕಾರುಗಳಿಗೆ ಮಾತ್ರ ಆ ಆಸೆ ಬಿಟ್ಟುಹೋಗುತ್ತದೆ. ಬೆಂಕಿಯ ಗಾಡಿ, ಆಂಬ್ಯುಲೆನ್ಸಿಗಾಗಿ ಮಡಚುವ ಗೂಟಗಳು ಸಿಗುತ್ತವೆ.

ಇಂಥ ಬದಲಾವಣೆಗೆ ಮಾದರಿಯಾಗಿ ಹಾಲೆಂಡಿನ ಹೆಸರು ಹೇಳಿದ ಕೂಡಲೇ ನಮ್ಮವರು, ಅದು ಶ್ರೀಮಂತ ದೇಶ, ಅಲ್ಲಿನ ಜನ ಹುಟ್ಟಾ ಸೈಕಲ್ಲಿನವರು ಎನ್ನುತ್ತಾರೆ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಶಾಲೆಗೆ ಹೊರಟಿದ್ದ ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ 1972ರಲ್ಲಿ 'ದ ತೈಡ್' ಪತ್ರಿಕೆಯಲ್ಲಿ 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಬರೆದರು. ಅದೇ ಹೆಸರಿನ ಚಳವಳಿ ಹುಟ್ಟಿತು. ತಾಯಂದಿರು, ತಂದೆಯರು, ಮಕ್ಕಳು ರಸ್ತೆಗೆ ಕುಳಿತರು. ಆಮ್‌ಸ್ಟರ್‌ಡ್ಯಾಮಿನ ದ ಪೈಪ್ ಎಂಬ ಇಕ್ಕಟ್ಟಿನ ಕಾರ್ಮಿಕರ ಕೇರಿಯ ಮಕ್ಕಳು ತಮ್ಮ ಬೀದಿಯನ್ನು ತಾವೇ ಅಡ್ಡಗಟ್ಟಿ ಆಡಲು ಜಾಗ ಕೇಳಿದರು. ಡೆಲ್ಫ್ಟ್ ನಗರದಲ್ಲಿ ಜನ ವಾಸಿಸುವ ಬೀದಿಗಳನ್ನು ಅಂಕುಡೊಂಕಾಗಿ, ಗಿಡ ನೆಟ್ಟು, ಕಾರು ಮನುಷ್ಯನ ನಡಿಗೆಯ ವೇಗದಲ್ಲೇ ಹೋಗುವಂತೆ ಮಾಡಿದ್ದರು. 1976ರಲ್ಲಿ ಅದಕ್ಕೆ ಕಾನೂನಿನ ಮಾನ್ಯತೆ ಬಂತು. ಇಂದಿನ ಹಾಲೆಂಡ್ ನೋಡಿ ಬೆರಗಾಗುವವರು ಇದನ್ನು ನೆನಪಿಡಬೇಕು. ಹಾಗೆ ಹುಟ್ಟಿದ ದೇಶವಲ್ಲ ಅದು, ದುಃಖದಲ್ಲಿದ್ದ ತಂದೆತಾಯಿಯರು ಜಗಳವಾಡಿ ಹಾಗೆ ಮಾಡಿದ್ದು.

ನಮಗೆ ಇನ್ನೂ ಹತ್ತಿರದ ಪಾಠ ಅಮೆರಿಕದ ನ್ಯೂಜೆರ್ಸಿಯ ಹೊಬೊಕನ್. ನ್ಯೂಯಾರ್ಕಿನ ಎದುರು ದಡದಲ್ಲಿ, ಸುಮಾರು ಮೂರು ಚದರ ಕಿಲೋಮೀಟರಿನಲ್ಲಿ 60 ಸಾವಿರ ಜನ ತುಂಬಿದ, ನಮ್ಮ ಮಲ್ಲೇಶ್ವರದಂತೆಯೇ ನೇರ ಅಡ್ಡರಸ್ತೆಗಳ ಊರು. ಪಂಜಾಬ್ ಮೂಲದ ರವಿ ಭಲ್ಲಾ ಅಲ್ಲಿ ಮೇಯರ್ ಆಗಿದ್ದರು. 2017ರ ಜನವರಿಯ ನಂತರ ಏಳು ವರ್ಷ ಆ ಊರಿನ ಬೀದಿಗಳಲ್ಲಿ ಒಬ್ಬರೂ ಸಂಚಾರ ಅಪಘಾತದಲ್ಲಿ ಸಾಯಲಿಲ್ಲ. ಮಾಡಿದ್ದೇನು? ಕ್ರಾಸಿನ ಮೂಲೆಗಳಲ್ಲಿ ಒಂದು ಕಾರಿನಷ್ಟು ಜಾಗವನ್ನು ಗೂಟ ನೆಟ್ಟು, ಬಣ್ಣ ಬಳಿದು, ಸೈಕಲ್ ನಿಲುಗಡೆ ಇಟ್ಟು, ಹೂಕುಂಡ ಇಟ್ಟು ಖಾಲಿ ಬಿಡಿಸಿದರು. ಕಾರು ನಿಲ್ಲಿಸಬೇಡಿ ಎಂದು ಬರೀ ಫಲಕ ಹಾಕಲಿಲ್ಲ, ನಿಲ್ಲಿಸಲು ಆಗದಂತೆ ಮಾಡಿದರು. 2022ರಲ್ಲಿ ಊರಿನ ವೇಗಮಿತಿಯನ್ನು ಗಂಟೆಗೆ 20 ಮೈಲಿಗೆ, ಅಂದರೆ 32 ಕಿಲೋಮೀಟರಿಗೆ ಇಳಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ರಸ್ತೆಗೆ ಟಾರು ಹಾಕುವ ವಾರ್ಷಿಕ ಕೆಲಸದ ಜೊತೆಗೇ ಮೂಲೆಯ ಕೆಲಸವನ್ನೂ ಮಾಡಿಸಿದರು. ಈಗ ಕ್ಯಾಲಿಫೋರ್ನಿಯಾದಲ್ಲಿ ಇದು ಕಾನೂನೇ ಆಗಿದೆ, ದಾಟುವ ಪಟ್ಟೆಯಿಂದ 20 ಅಡಿಯೊಳಗೆ ಕಾರು ನಿಲ್ಲಿಸುವಂತಿಲ್ಲ. ಜಪಾನಿನಲ್ಲಿ ಕೂಡುರಸ್ತೆಯಿಂದ 5 ಮೀಟರಿನೊಳಗೆ ನಿಲ್ಲಿಸಬಾರದೆಂಬುದು ಹಳೆಯ ನಿಯಮ.

ನಮ್ಮಲ್ಲಿ ಕಾನೂನಿಲ್ಲವೇ? ಇದೆ. ಕೂಡುರಸ್ತೆಯ ಹತ್ತಿರ, ತಿರುವಿನಲ್ಲಿ, ದಾಟುವ ಪಟ್ಟೆಯ ಮೇಲೆ, ಫುಟ್‌ಪಾತಿನ ಮೇಲೆ ವಾಹನ ನಿಲ್ಲಿಸಬಾರದೆಂದು ದೇಶದ ರಸ್ತೆ ನಿಯಮಗಳು ದಶಕಗಳಿಂದ ಹೇಳುತ್ತಿವೆ. ಸಿಗ್ನಲ್ಲಿಲ್ಲದ ಪಟ್ಟೆಯಲ್ಲಿ ಮೊದಲ ಹಕ್ಕು ನಡೆಯುವವರದು. ಮುಖ್ಯರಸ್ತೆಯೆಂದು ಗುರುತಾಗದ ಕಡೆ ಎರಡು ರಸ್ತೆ ಕೂಡಿದರೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಈ ಕೊನೆಯ ನಿಯಮ ಗೊತ್ತಿರುವ ಚಾಲಕರು ಅಪರೂಪ. ಯಾರು ಮೊದಲು ಹಾರ್ನ್ ಒತ್ತುತ್ತಾರೋ ಅವರದೇ ಸರದಿ ಎಂಬಂತಾಗಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಎಂಬ ಸೆಕ್ಷನ್ ಬಂದಿದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ದಂಡದ ಮೊತ್ತ ಸಣ್ಣದು. ಆದರೂ ರಸ್ತೆ ಮಾಡಿದವರೂ ಹೊಣೆಗಾರರು ಎಂದು ಕಾನೂನು ಒಪ್ಪಿಕೊಂಡದ್ದು ದೊಡ್ಡದು.

ಕೇಳುವುದು ಯಾರನ್ನು ಎಂಬುದೇ ಜನರ ಸಂಕಟ. ಟಾರು ಪಾಲಿಕೆಯದು, ಚಲನ್ ಹಾಕುವುದು ಸಂಚಾರ ಪೊಲೀಸರು, ಕಂಬ ಬೆಸ್ಕಾಂನದು, ಅಗೆಯುವುದು ಜಲಮಂಡಳಿ. ಒಂದು ಕಚೇರಿಗೆ ಹೋದರೆ ಇನ್ನೊಂದರ ಕಡೆ ಕೈ ತೋರಿಸುತ್ತಾರೆ. ಮೊದಲಾದರೆ ಕಾರ್ಪೊರೇಟರ ಮನೆ ಬಾಗಿಲಿಗೆ ಹೋಗಿ ಕೂರಬಹುದಿತ್ತು. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂತಿತು. ಸುರಂಗ ರಸ್ತೆಯ ಚರ್ಚೆಗೆ ಇರುವ ಉತ್ಸಾಹದ ನೂರರಲ್ಲೊಂದು ಪಾಲು ಈ ಮೂಲೆಗಳಿಗೆ ಸಿಕ್ಕಿದ್ದರೆ ಎಷ್ಟು ಮಕ್ಕಳು ಧೈರ್ಯವಾಗಿ ಶಾಲೆಗೆ ನಡೆದು ಹೋಗುತ್ತಿದ್ದರು ಎಂದು ನನಗೆ ಪದೇ ಪದೇ ಅನ್ನಿಸುತ್ತದೆ.

ಮೂಲೆಮನೆಯವರಿಗೂ ಒಂದು ಮಾತು. ಮನೆ ಮುಂದಿನ ತಿರುವಿನಲ್ಲಿ ನಿಮ್ಮ ಕಾರು, ನಿಮ್ಮ ನೆಂಟರ ಕಾರು ನಿಲ್ಲದಂತೆ ನೋಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಗೋಡೆಯ ಮೇಲಿನ ಶೀಟು ತೆಗೆದು ಕಂಬಿ ಹಾಕಿಸಲು ಟೆಂಡರ್ ಬೇಡ. ಕೆಳಗೆ ಬೇಕರಿಗೋ ದರ್ಶಿನಿಗೋ ಮಳಿಗೆ ಬಾಡಿಗೆಗೆ ಕೊಟ್ಟಿದ್ದರೆ, ತಿರುವಿನಲ್ಲಿ ಬೈಕು ಸಾಲುಗಟ್ಟದಂತೆ ಕರಾರಿನಲ್ಲೇ ಒಂದು ಸಾಲು ಬರೆಸಬಹುದು.

ಬಡಾವಣೆಯ ಸಂಘಗಳು ಈ ವಾರದಿಂದಲೇ ಒಂದು ಕೆಲಸ ಶುರು ಮಾಡಬಹುದು. ಶಾಲೆ ಬಿಡುವ ಹೊತ್ತಿನಲ್ಲಿ ಇಬ್ಬರು ಕ್ರಾಸಿನಲ್ಲಿ ನೋಟ್‌ಬುಕ್ ಹಿಡಿದು ನಿಲ್ಲಲಿ. ತಪ್ಪಿದ ಡಿಕ್ಕಿ ಪ್ರತಿಯೊಂದಕ್ಕೂ ಸಮಯ, ದಿಕ್ಕು, ಯಾರು ದಾಟುತ್ತಿದ್ದರು, ತಿರುವಿನಲ್ಲಿ ಏನು ಅಡ್ಡವಿತ್ತು ಎಂದು ಬರೆದುಕೊಳ್ಳಲಿ. ಎಳನೀರಿನವರನ್ನೂ, ಇಸ್ತ್ರಿ ಅಂಗಡಿಯವರನ್ನೂ ಕೂರಿಸಿಕೊಂಡು ಕೇಳಲಿ. ಹೀಗೆ ಎಣಿಸಿ ತಂದ ಪಟ್ಟಿಯ ಮುಂದೆ 'ಇಲ್ಲಿ ಇನ್ನೂ ಯಾರೂ ಸತ್ತಿಲ್ಲವಲ್ಲ' ಎಂದು ಹೇಳುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಆ ಪಟ್ಟಿಯನ್ನು ಟಾರು ಹಾಕುವ ಕಾಲಕ್ಕೆ ಮೊದಲೇ ವಾರ್ಡಿನ ಎಂಜಿನಿಯರ ಮೇಜಿಗೆ ಮುಟ್ಟಿಸಬೇಕು, ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಒಮ್ಮೆ ಟಾರು ಬಿದ್ದರೆ ಮತ್ತೆ ಆ ರಸ್ತೆಯ ಕಡೆ ಅವರು ತಿರುಗಲು ವರ್ಷಗಳೇ ಆಗುತ್ತವೆ. ಹಳೆಯ ಟಾರು ಕೆರೆದೇ ಹೊಸದು ಹಾಕಬೇಕು, ದಾಟುವ ಪಟ್ಟೆಯನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತಬೇಕು, ನಾಲ್ಕೂ ಮೂಲೆಯಲ್ಲಿ ಐದಾರು ಮೀಟರ್ ಜಾಗಕ್ಕೆ ಗೂಟ ನೆಡಬೇಕು ಎಂದು ಬರೆದು ಕೇಳಿ. ಕ್ರಾಸಿನ ಅಳತೆ ಹಾಕಿದ ನಕ್ಷೆಯನ್ನೂ ಅರ್ಜಿಗೆ ಲಗತ್ತಿಸಿ. ಶಾಲೆಯ ಡ್ರಾಯಿಂಗ್ ಮೇಷ್ಟ್ರು ಬರೆದುಕೊಟ್ಟರೂ ನಡೆಯುತ್ತದೆ.